ಚಿತ್ರಕಾರರ ಕೈಕೆಲಸವನ್ನು ಸಿನೆಮಾ ಕ್ಯಾಮೆರಾದಲ್ಲಿ ಹಿಡಿಯುವುದು: ಮುಂಬಯಿಯ ಪುಟ್ಟ ಕೋಣೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಚಿತ್ರಕಲಾವಿದರ ಬಗ್ಗೆ ಬರುವ ಸಾಕ್ಷ್ಯಚಿತ್ರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಕಿಟಕಿ ಪಕ್ಕ ಕುಳಿತ ಹಿರಿಯರ ಮುಖ, ಹಿನ್ನೆಲೆಗೆ ಕೊಳಲು, ಗೋಡೆಯ ಪ್ರಶಸ್ತಿ ಫಲಕಗಳ ಮೇಲೆ ನಿಧಾನಕ್ಕೆ ಹರಿಯುವ ಕ್ಯಾಮೆರಾ, ನಡುನಡುವೆ ಕ್ಯಾನ್ವಾಸಿನ ಮೇಲೆ ಆಡುವ ಕುಂಚ. ನೋಡಿ ಏಳುವಾಗ ಅವರ ಊರು, ಗುರುಗಳು, ಪಡೆದ ಪದಕ ಎಲ್ಲ ಗೊತ್ತಾಗಿರುತ್ತದೆ. ಆ ನೀಲಿಯನ್ನು ಅವರು ಹೇಗೆ ಕಲಸಿದರು ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ.

ಈ ಬರಹ ಆ ನೀಲಿಯ ಬಗ್ಗೆ. ಚಿತ್ರಕಾರರ ತಂತ್ರ ಹಾಳೆಯ ಮೇಲೆ ಕಾಣುತ್ತದೆ, ಆದರೆ ನಡೆಯುವುದು ಪ್ಯಾಲೆಟ್‌ನಲ್ಲಿ ಮತ್ತು ಎರಡು ಹೊಡೆತಗಳ ನಡುವಿನ ಬಿಡುವಿನಲ್ಲಿ. ಆದ್ದರಿಂದ ನನ್ನ ಲೆಕ್ಕದಲ್ಲಿ ಇಂಥ ಚಿತ್ರಕ್ಕೆ ಎರಡನೇ ಕ್ಯಾಮೆರಾ ಮುಖಕ್ಕಲ್ಲ, ಪ್ಯಾಲೆಟ್‌ಗೆ ಮೀಸಲು. ಮುಂದೆ ಹೇಳುವ ಬೆಳಕು, ಲೆನ್ಸ್, ಶಬ್ದ, ಎಡಿಟ್ ಎಲ್ಲವೂ ಈ ಒಂದು ತೀರ್ಮಾನದಿಂದ ಹೊರಟವು.

ಉದಾಹರಣೆಗೆ ಡೊಂಬಿವಲಿಯ ಫ್ಲ್ಯಾಟೊಂದರಲ್ಲಿ ಜಲವರ್ಣ ಮಾಡುವ ನಿವೃತ್ತ ಡ್ರಾಯಿಂಗ್ ಮಾಸ್ಟ್ರೊಬ್ಬರನ್ನು ಇಟ್ಟುಕೊಳ್ಳುತ್ತೇನೆ. ಮುಂಬಯಿ ಕನ್ನಡಿಗರಲ್ಲಿ ಇಂಥವರು ಕಡಿಮೆಯೇನಿಲ್ಲ. ಹತ್ತು ಬೈ ಹನ್ನೆರಡರ ಕೋಣೆ, ಒಂದು ಕಿಟಕಿ, ಒಂದು ಸೀಲಿಂಗ್ ಫ್ಯಾನ್, ಪಕ್ಕದಲ್ಲಿ ಅಡುಗೆಮನೆ. ಇಲ್ಲಿ ಮಾಡಲು ಬಂದರೆ ದೊಡ್ಡ ಸ್ಟುಡಿಯೋದಲ್ಲಿ ಮಾಡುವುದು ಸುಲಭ.

ಮೊದಲ ಭೇಟಿಗೆ ಕ್ಯಾಮೆರಾ ಬೇಡ

ಒಂದು ಚಿತ್ರವನ್ನು ಮೊದಲಿಂದ ಕೊನೆವರೆಗೆ ಸುಮ್ಮನೆ ಕುಳಿತು ನೋಡಿ. ಕೈಯಲ್ಲಿ ನೋಟ್‌ಬುಕ್ಕು, ವಾಚು ಇರಲಿ. ಬರೆದುಕೊಳ್ಳಬೇಕಾದ್ದು ಇಷ್ಟು: ಯಾವ ಕೈಯಲ್ಲಿ ಬರೆಯುತ್ತಾರೆ, ಬೋರ್ಡ್ ಮಟ್ಟಸವಾಗಿದೆಯೋ ಓರೆಯಾಗಿದೆಯೋ, ನೀರಿನ ಡಬ್ಬ ಎಲ್ಲಿ, ಪ್ಯಾಲೆಟ್ ಎಲ್ಲಿ, ಕುಂಚ ಎಷ್ಟು ಹೊತ್ತು ಪ್ಯಾಲೆಟ್‌ನಲ್ಲಿ ಇರುತ್ತದೆ, ಎಷ್ಟು ಹೊತ್ತು ಹಾಳೆ ಮೇಲೆ. ಮುಖ್ಯವಾಗಿ, ಅವರು ಯಾವಾಗ ಕೈ ನಿಲ್ಲಿಸುತ್ತಾರೆ.

ಕೆಲವರು ಹಾಳೆಯಿಂದ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಬಣ್ಣ ಮರೆತು ಕಪ್ಪು-ಬಿಳುಪಿನ ತೂಕ ಮಾತ್ರ ಕಾಣಲೆಂದು ಹಾಗೆ ಮಾಡುವುದು. ಕೆಲವರು ಹಾಳೆಯ ಅಂಚನ್ನು ಬೆರಳ ಹಿಂಬದಿಯಿಂದ ಮುಟ್ಟಿ ತೇವ ನೋಡುತ್ತಾರೆ. ಇನ್ನು ಕೆಲವರು ಚಿಂದಿ ಕಾಗದದ ಮೇಲೆ ಬಣ್ಣ ಪರೀಕ್ಷಿಸುತ್ತಾರೆ. ನಿಮ್ಮ ಶಾಟ್ ಪಟ್ಟಿ ಈ ಅಭ್ಯಾಸಗಳಿಂದಲೇ ಹುಟ್ಟಬೇಕು. ಒಂದು ಹೊಡೆತ ಒಂದೇ ಸಲ ಬೀಳುತ್ತದೆ. 'ಮಾಸ್ಟ್ರೇ, ಇನ್ನೊಮ್ಮೆ' ಎನ್ನುವ ಹಾಗಿಲ್ಲ. ಮುಂದೇನು ಬರುತ್ತದೆ ಎಂದು ಗೊತ್ತಿರುವವನಿಗೇ ಶಾಟ್ ಸಿಗುವುದು.

ಮಾಧ್ಯಮ ಯಾವುದೆಂಬುದರ ಮೇಲೆ ವೇಳಾಪಟ್ಟಿಯೂ ನಿಂತಿದೆ. ಜಲವರ್ಣ ಒಂದು ಬೆಳಗಿನಲ್ಲಿ ಮುಗಿಯಬಹುದು. ಎಣ್ಣೆಬಣ್ಣ ಆರುವುದು ನೀರು ಆವಿಯಾಗಿ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ; ಒಂದು ಪದರಕ್ಕೆ ದಿನಗಳು ಬೇಕು. ಅಂದರೆ ಅದೇ ಬೆಳಕು, ಅದೇ ಕ್ಯಾಮೆರಾ ಜಾಗವನ್ನು ವಾರಗಟ್ಟಲೆ ಮತ್ತೆ ಮತ್ತೆ ಕಟ್ಟಬೇಕಾಗುತ್ತದೆ. ಟ್ರೈಪಾಡಿನ ಕಾಲಿಗೆ ನೆಲದ ಮೇಲೆ ಟೇಪ್ ಗುರುತು, ಲೆನ್ಸ್ ಎತ್ತರದ ಅಳತೆ, ಲೈಟ್‌ಗಳ ದೂರ, ಎಲ್ಲವನ್ನೂ ಬರೆದಿಟ್ಟು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಕಾಗದಪತ್ರ

ಇದನ್ನು ಮೊದಲೇ ಮುಗಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಚಿತ್ರಕಾರರದೇ. ಅವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಚಿತ್ರ ಕೊಂಡವರಿಗೆ ಚಿತ್ರ ಸಿಕ್ಕಿತೇ ಹೊರತು ಹಕ್ಕು ಸಿಗಲಿಲ್ಲ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ ಮಾತ್ರ ನಿಯಮ ಬೇರೆ, ಅಲ್ಲಿ ಬರೆಸಿದವರನ್ನೂ ಕೇಳಬೇಕು. ಆದ್ದರಿಂದ ಕಲಾವಿದರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕೇ ಬೇಕು. ಮನೆಯ ಹಳೆ ಚಿತ್ರಗಳನ್ನು ಯಾರು ಯಾರಿಗೆ ಮಾರಿದ್ದಾರೆ ಎಂಬ ಪಟ್ಟಿಯನ್ನೂ ಮಾಡಿಕೊಳ್ಳಿ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೂ ಒಂದು ಮಾತು ತಿಳಿಸಿ. ಸ್ಟ್ಯಾಂಡು, ಪೆಟ್ಟಿಗೆ ಹೊತ್ತು ಲಿಫ್ಟ್‌ಗೆ ನುಗ್ಗಿದಾಗ ವಾಚ್‌ಮನ್ ಎದುರಿಗೆ ಮಾಸ್ಟ್ರೇ ಉತ್ತರ ಕೊಡುವ ಸ್ಥಿತಿ ಬರಬಾರದು.

ಮಾಸ್ಟ್ರು ಹೊರಗೆ ಕುಳಿತು ಬರೆಯುವವರಾದರೆ ಅದು ಬೇರೆಯೇ ತಲೆನೋವು. ಸ್ಕೆಚ್‌ಬುಕ್ ಹಿಡಿದವರನ್ನು ಯಾರೂ ಕೇಳುವುದಿಲ್ಲ, ಟ್ರೈಪಾಡ್ ಬಿಚ್ಚಿದ ಕೂಡಲೇ ಕೇಳುತ್ತಾರೆ. ಶೂಟಿಂಗ್ ಅನುಮತಿಗೆ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿರುವ ರಾಜ್ಯ ಸರಕಾರದ ಚಿತ್ರ ನಿಗಮದಲ್ಲಿ ಏಕಗವಾಕ್ಷಿ ವ್ಯವಸ್ಥೆ ಇದೆ. ರೈಲ್ವೆ ಸ್ಟೇಷನ್ನಿಗೆ ರೈಲ್ವೆಯ ಅನುಮತಿಯೇ ಬೇಕು.

ಯಾವ ಕ್ಯಾಮೆರಾ

ಇದರ ಮೇಲೆ ಜನ ಎಷ್ಟು ಚರ್ಚೆ ಮಾಡುತ್ತಾರೋ ಅಷ್ಟು ಬೇಕಿಲ್ಲ. ಬೇಕಾದ್ದು ಮೂರು: 10 ಬಿಟ್ ಅಥವಾ ಅದಕ್ಕಿಂತ ಹೆಚ್ಚಿನ ಬಣ್ಣದ ಆಳ, ಲಾಗ್ ಅಥವಾ ರಾ ರೆಕಾರ್ಡಿಂಗ್ (ಬಣ್ಣವನ್ನು ಆಮೇಲೆ ತಿದ್ದಲು ಜಾಗ ಉಳಿಸುವ ವಿಧಾನಗಳು), ಪುಟ್ಟ ಕೋಣೆಯಲ್ಲಿ ಹಿಡಿಸುವ ಗಾತ್ರ. 8 ಬಿಟ್‌ನಲ್ಲಿ ಆಕಾಶದ ಒಂದು ತೆಳು ವಾಶ್ (ನೀರು ಬೆರೆಸಿ ಹರಡಿದ ಬಣ್ಣದ ಪದರ) ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ. ಜಲವರ್ಣದ ಜೀವವೇ ಆ ನುಣುಪಾದ ಇಳಿತದಲ್ಲಿದೆ, ಹಾಗಾಗಿ ಇಲ್ಲಿ ರಾಜಿ ಬೇಡ.

ಸೋನಿ ಎಫ್‌ಎಕ್ಸ್3 ಚಿಕ್ಕದು, ಮೇಲಿನಿಂದ ನೇತುಹಾಕಲು ಹಗುರ. ಸೋನಿಯ ಲಾಗ್ ವಿಧಾನವಾದ ಎಸ್-ಲಾಗ್3ರಲ್ಲಿ ಅದರ ಎರಡು ಮೂಲ ಐಎಸ್‌ಒಗಳು (ಸೆನ್ಸರ್ ಚೆನ್ನಾಗಿ ಕೆಲಸ ಮಾಡುವ ಬೆಳಕಿನ ಸಂವೇದನೆಯ ಮಟ್ಟಗಳು) 800 ಮತ್ತು 12800. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆಯಲ್ಲಿ ಅವು 400 ಮತ್ತು 3200. ರಾ ಫೈಲು ಸಿಗುವುದರಿಂದ ಬಣ್ಣ ತಿದ್ದಲು ಜಾಗ ಹೆಚ್ಚು. ಅದರ ಬ್ಯಾಟರಿ ಬೇಗ ಕೈಕೊಡುತ್ತದೆ, ಗೋಡೆಯ ಪ್ಲಗ್‌ಗೇ ಸಿಕ್ಕಿಸಿಬಿಡಿ. ಕ್ಯಾನನ್ ಸಿ70, ಸೋನಿ ಎಫ್‌ಎಕ್ಸ್6 ಇವುಗಳಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ ಇದೆ, ಕಿಟಕಿ ಬೆಳಕು ಏರಿಳಿಯುವ ಕಡೆ ಅದು ದೊಡ್ಡ ಅನುಕೂಲ. ಆರಿ ಅಲೆಕ್ಸಾ ಮಿನಿ ಸಿಕ್ಕರೆ ಬೇಡವೆನ್ನಬೇಡಿ, ಆದರೆ ಅದಕ್ಕಾಗಿ ಎರಡನೇ ಕ್ಯಾಮೆರಾ ಬಿಟ್ಟುಕೊಡಬೇಡಿ. ಒಂದು ದುಬಾರಿ ಕ್ಯಾಮೆರಾಕ್ಕಿಂತ ಒಂದೇ ಮಾಡೆಲ್‌ನ ಎರಡು ಸಾಧಾರಣ ಕ್ಯಾಮೆರಾಗಳೇ ಈ ಕೆಲಸಕ್ಕೆ ವಾಸಿ: ಪ್ಯಾಲೆಟ್‌ನ ನೀಲಿಯೂ ಹಾಳೆಯ ನೀಲಿಯೂ ಒಂದೇ ಆಗಿ ಕಾಣಬೇಕಲ್ಲ. ಬಾಡಿಗೆಗೆ ಅಂಧೇರಿ ಕಡೆ ಎಲ್ಲವೂ ಸಿಗುತ್ತದೆ. ಲೆನ್ಸ್‌ಗಳನ್ನು ಅಲ್ಲೇ ಟಾರ್ಚ್ ಬಿಟ್ಟು ನೋಡಿ ತೆಗೆದುಕೊಳ್ಳಿ, ಈ ಊರಿನ ತೇವಕ್ಕೆ ಗಾಜಿನೊಳಗೆ ಬೂಷ್ಟು ಬರುವುದು ಸಾಮಾನ್ಯ.

ಲೆನ್ಸ್ ವಿಷಯದಲ್ಲಿ ತೀರ ಹತ್ತಿರದಿಂದ ತೆಗೆಯಲು 90 ಅಥವಾ 100 ಮಿ.ಮೀ. ಮ್ಯಾಕ್ರೋ ಒಂದು ಇರಲೇಬೇಕು. ಕೋಣೆಯ ನೋಟಕ್ಕೆ 24 ಅಥವಾ 35, ನಡು ಅಳತೆಗೆ 50. ಮ್ಯಾಕ್ರೋ ಬಳಸುವಾಗ ಲೆಕ್ಕ ನೆನಪಿರಲಿ: ಫುಲ್ ಫ್ರೇಮ್‌ನಲ್ಲಿ ವಸ್ತುವಿನ ಅರ್ಧ ಗಾತ್ರಕ್ಕೆ ಹತ್ತಿರ ಹೋದರೆ ಲೆನ್ಸಿನ ದ್ವಾರ ಕಿರಿದಾದ ಎಫ್ 8ರಲ್ಲೂ ಫೋಕಸ್ ನಿಲ್ಲುವ ಆಳ ಸುಮಾರು 3 ಮಿಲಿಮೀಟರ್. ಒದ್ದೆ ಕುಂಚದ ಹೊಟ್ಟೆಯೇ ಅದಕ್ಕಿಂತ ದಪ್ಪ. ಆದ್ದರಿಂದ ಎಫ್ 8, ಎಫ್ 11ರಲ್ಲಿ ತೆಗೆಯಲು ಸಾಕಾಗುವಷ್ಟು ಬೆಳಕು ಬೇಕು. ಹಿನ್ನೆಲೆ ಪೂರ್ತಿ ಮಸುಕಾಗಿಸುವ ಷೋಕಿ ಇಲ್ಲಿ ನಡೆಯುವುದಿಲ್ಲ.

ಮೂರು ಜಾಗಗಳು

ಮೊದಲನೆಯದು ಮೇಲಿನಿಂದ, ಹಾಳೆಗೆ ನೇರ. ಸಿ-ಸ್ಟ್ಯಾಂಡ್, ಅಡ್ಡ ತೋಳು, ಹಿಂಬದಿಗೆ ಮರಳಚೀಲ, ಕ್ಯಾಮೆರಾಕ್ಕೆ ಬೇರೆಯೇ ಒಂದು ಸುರಕ್ಷಾ ಸರಪಳಿ. ಕೆಳಗೆ ಇರುವುದು ಮಾಸ್ಟ್ರ ತಲೆ ಮತ್ತು ಅವರ ಕೆಲಸ, ಎರಡಕ್ಕೂ ಬದಲಿ ಇಲ್ಲ. ಹಾಳೆಗೆ ಸೆನ್ಸರ್ ಸಮಾನಾಂತರವಾಗಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ: ಒಂದು ಚಿಕ್ಕ ಚಪ್ಪಟೆ ಕನ್ನಡಿಯನ್ನು ಬೋರ್ಡಿನ ನಡುವೆ ಇಡಿ. ಕನ್ನಡಿಯಲ್ಲಿ ಲೆನ್ಸಿನದೇ ಬಿಂಬ ಸರಿಯಾಗಿ ಫ್ರೇಮಿನ ನಡುವೆ ಕಾಣುವವರೆಗೆ ಕ್ಯಾಮೆರಾದ ಓರೆ ತಿದ್ದಿ. ಜಲವರ್ಣದವರು ಬಣ್ಣ ಇಳಿಯಲೆಂದು ಬೋರ್ಡನ್ನು ಓರೆ ಇಡುತ್ತಾರೆ. ಕ್ಯಾಮೆರಾವೂ ಅಷ್ಟೇ ಓರೆಯಾಗಬೇಕು. ನಡುವೆ ಅವರು ಬೋರ್ಡ್ ಎತ್ತಿ ಬಣ್ಣವನ್ನು ಅತ್ತಿತ್ತ ಹರಿಸಿದರೆ ಕ್ಯಾಮೆರಾ ಅಲುಗಿಸಬೇಡಿ. ಹಾಳೆ ಫ್ರೇಮಿನಲ್ಲಿ ವಾಲುವುದೇ ಒಂದು ಶಾಟು.

ಎರಡನೆಯದು ಪ್ಯಾಲೆಟ್. ಮ್ಯಾಕ್ರೋ ಲೆನ್ಸ್, ಮುಕ್ಕಾಲು ಮೇಲಿನ ಕೋನ, ಫ್ರೇಮಿನಲ್ಲಿ ಬಣ್ಣ ಕಲಸುವ ತಟ್ಟೆಯ ಜೊತೆ ನೀರಿನ ಡಬ್ಬದ ಬಾಯಿಯೂ ಇರಲಿ. ಕುಂಚ ನೀರಿಗೆ ಅದ್ದಿ, ಡಬ್ಬದ ಅಂಚಿಗೆ ಎಷ್ಟು ಸಲ ಒರೆಸಿದರು ಎಂಬುದರಲ್ಲೇ ಅರ್ಧ ತಂತ್ರ ಇದೆ. ನೀರು ಎಷ್ಟು, ಬಣ್ಣ ಎಷ್ಟು ಎಂದು ಅಲ್ಲೇ ನಿರ್ಧಾರವಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಅವರು ಚೂರು ಬರ್ಂಟ್ ಸಿಯೆನಾ ಕಂದು ಮುಟ್ಟಿಸಿ ಮಳೆಮೋಡದ ಬೂದಿ ಮಾಡುವುದನ್ನು ನೋಡಿದ ಮೇಲೆ ಪ್ರೇಕ್ಷಕರಿಗೆ ಹಾಳೆಯ ಮೋಡ ಬೇರೆಯೇ ಆಗಿ ಕಾಣುತ್ತದೆ. ಈ ಕ್ಯಾಮೆರಾವನ್ನು ನಿಲ್ಲಿಸಬೇಡಿ, ಓಡುತ್ತಲೇ ಇರಲಿ.

ಮೂರನೆಯದು ಕೈಯಲ್ಲಿ ಹಿಡಿದ ಅಥವಾ ಸ್ಲೈಡರ್ ಮೇಲಿನ ಕ್ಯಾಮೆರಾ: ಕೈ, ಮುಖ, ಭುಜ. ಬಲಗೈಯವರಾದರೆ ಅವರ ಎಡಕ್ಕೆ ನಿಲ್ಲಿ, ಇಲ್ಲದಿದ್ದರೆ ಇಡೀ ದಿನ ಮುಂಗೈಯ ಹಿಂಬದಿಯೇ ಸಿಗುವುದು. ರೇಖೆಯ ಕಲಾವಿದರಾದರೆ ಬರೀ ಬೆರಳು ತೋರಿಸಿ ಮುಗಿಸಬೇಡಿ. ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಇಲ್ಲೇ ನೆಲೆಸಿದ ಕೆ.ಕೆ. ಹೆಬ್ಬಾರರು ಲಯ ತಿಳಿಯಲೆಂದು ಕಥಕ್ ಕಲಿತವರು. ಅಂಥ ಒಂದೇ ಉಸಿರಿನ ಗೆರೆ ಹೊರಡುವುದು ಭುಜದಿಂದ. ಮೊಣಕೈ, ಭುಜ ಫ್ರೇಮಿನೊಳಗೆ ಇರದಿದ್ದರೆ ಆ ಗೆರೆ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ.

ಮೇಲಿನ ಕ್ಯಾಮೆರಾಕ್ಕೂ ಪ್ಯಾಲೆಟ್ ಕ್ಯಾಮೆರಾಕ್ಕೂ ಆಟೋಫೋಕಸ್ ಬಂದ್ ಮಾಡಿ. ಕುಂಚ ಫ್ರೇಮಿಗೆ ಬಂದು ಹೋಗುವಾಗಲೆಲ್ಲ ಅದು ಹಿಂದೆ ಮುಂದೆ ಅಲೆದಾಡುತ್ತದೆ. ಹಾಳೆಯ ಮೇಲೆ ಒಂದು ಮುದ್ರಿತ ಅಕ್ಷರದ ಚೀಟಿ ಇಟ್ಟು, ಹಿಗ್ಗಿಸಿ ನೋಡಿ ಫೋಕಸ್ ಮಾಡಿ, ಅಲ್ಲೇ ಬಿಡಿ.

ಬೆಳಕು, ಮೊದಲು ಅವರದು ಆಮೇಲೆ ನಿಮ್ಮದು

ಚಿತ್ರಕಾರರು ಬಣ್ಣ ಕಲಸುವುದು ತಮ್ಮ ಕೋಣೆಯ ಬೆಳಕು ನೋಡಿ. ನೀವು ಹೋಗಿ ಹಳದಿ ಬಲ್ಬ್ ತೆಗೆದು ಹಗಲಿನಂಥ ಬಿಳಿ ಬೆಳಕಿನ, 5600 ಕೆಲ್ವಿನ್‌ನ ಎಲ್‌ಇಡಿ ಹಾಕಿದರೆ ಅವರ ಕೈ ತಪ್ಪುತ್ತದೆ. ಹಳದಿ ಬೆಳಕಿನಲ್ಲಿ ಹದವಾಗಿ ಕಂಡ ಬಣ್ಣ ಬಿಳಿ ಬೆಳಕಿನಲ್ಲಿ ತಣ್ಣಗಾಗಿ ಕಾಣುತ್ತದೆ, ಅವರು ತಿದ್ದಲು ಹೊರಡುತ್ತಾರೆ, ನೀವು ಚಿತ್ರೀಕರಿಸುವುದು ಅವರ ತಂತ್ರವಲ್ಲದ ತಂತ್ರವನ್ನು. ಹಾಗಾಗಿ ಅವರ ಬೆಳಕಿನ ಸ್ವಭಾವವನ್ನೇ ಹೆಚ್ಚಿಸಿ: ಅದೇ ದಿಕ್ಕು, ಅದೇ ಬಣ್ಣತಾಪ, ಪ್ರಮಾಣ ಮಾತ್ರ ಜಾಸ್ತಿ. ಬದಲಿಸಲೇಬೇಕೆಂದರೆ ಲೈಟ್‌ಗಳನ್ನು ಕೆಲವು ದಿನ ಮೊದಲೇ ಅವರ ಮನೆಯಲ್ಲಿ ಬಿಟ್ಟುಬನ್ನಿ, ಒಗ್ಗಿಕೊಳ್ಳಲಿ.

'ಉತ್ತರದ ಕಿಟಕಿ ಬೆಳಕು ಬದಲಾಗುವುದಿಲ್ಲ' ಎಂಬ ಮಾತು ಯುರೋಪಿನದು. ಮುಂಬಯಿ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಇಲ್ಲಿ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಬೇಸಿಗೆಯ ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಗೇ ನೇರ ಬಿಸಿಲು ಬೀಳಬಹುದು. ಉತ್ತರದ ಬೆಳಕು ನಿಜಕ್ಕೂ ಸ್ಥಿರ ಸಿಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಆಗ ಬೆವರೂ ಕಡಿಮೆ, ಫ್ಯಾನ್ ಬಂದ್ ಮಾಡಿದರೂ ಯಾರೂ ಗೊಣಗುವುದಿಲ್ಲ. ನನ್ನ ಸಲಹೆ, ಶೂಟಿಂಗನ್ನು ಈ ತಿಂಗಳುಗಳಿಗೇ ಇಟ್ಟುಕೊಳ್ಳಿ. ಮಳೆಗಾಲದ ಹಾಳೆ ಆರುವುದೂ ಇಲ್ಲ, ಮೋಡ ಓಡಿದಂತೆಲ್ಲ ಬೆಳಕು ಕುಣಿಯುತ್ತದೆ. ಮಳೆಗಾಲದ ತಂತ್ರವೇ ನಿಮ್ಮ ವಿಷಯವಾದರೆ ಮಾತು ಬೇರೆ.

ಹಾಕುವ ಎಲ್‌ಇಡಿಗಳು ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ಕ್ಕಿಂತ ಮೇಲಿರಲಿ. ಸಿಆರ್‌ಐ ಸರಾಸರಿಯಲ್ಲಿ ಗಾಢ ಕೆಂಪು ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ಆರ್9 ಎಂಬ ಬೇರೆ ಅಂಕಿ ಇದೆ, ಅದನ್ನೂ ನೋಡಿ. ಕ್ಯಾಡ್ಮಿಯಂ ಕೆಂಪು ಬಳಸುವವರ ಚಿತ್ರದಲ್ಲಿ ಅಗ್ಗದ ಎಲ್‌ಇಡಿ ಮೊದಲು ಕೊಲ್ಲುವುದು ಅದನ್ನೇ. ಹಳೆಯ ಕಟ್ಟಡಗಳಲ್ಲಿ ಟಂಗ್‌ಸ್ಟನ್ ಲೈಟ್ ಹಾಕುವ ಆಸೆ ಬೇಡ: 1 ಕಿಲೋವ್ಯಾಟ್‌ನ ಒಂದು ಲೈಟ್ 230 ವೋಲ್ಟ್‌ನಲ್ಲಿ 4 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ, 5 ಆಂಪಿಯರ್ ಪ್ಲಗ್‌ಗೆ ಅಲ್ಲಿಗೆ ಮುಗಿಯಿತು. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಮಾಸ್ಟ್ರ ಅಂಗಿಯ ಬಣ್ಣವೂ ಬಿಳಿ ಹಾಳೆಗೆ ಹೊಡೆಯುತ್ತದೆ. ತಿಳಿ ಬೂದು ಅಥವಾ ಮಾಸಲು ಬಿಳಿ ಹಾಕಲು ಹೇಳಿ. ಮಗಳು ತಂದುಕೊಟ್ಟ ಹೊಸ ಕೇಸರಿ ಕುರ್ತಾ ಸಂದರ್ಶನದ ದಿನಕ್ಕಿರಲಿ.

ಹೊಳಪು

ಪುಸ್ತಕಕ್ಕೆಂದು ಚಿತ್ರದ ಫೋಟೊ ತೆಗೆಯುವವರಿಗೆ ಹೊಳಪು ಶತ್ರು. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಲೈಟ್, ಲೈಟ್‌ಗೂ ಲೆನ್ಸಿಗೂ ಪೋಲರೈಸರ್ (ಒಂದೇ ದಿಕ್ಕಿನ ಬೆಳಕಿನ ಅಲೆಯನ್ನು ಬಿಡುವ ಫಿಲ್ಟರ್), ಎರಡನ್ನೂ ಒಂದಕ್ಕೊಂದು ಅಡ್ಡಲಾಗಿ ತಿರುಗಿಸಿದರೆ ಮೇಲ್ಮೈ ಪ್ರತಿಫಲನ ಪೂರ್ತಿ ಅಳಿದುಹೋಗುತ್ತದೆ. ಸುಮಾರು 3 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಬೆಳಕೂ ಹೋಗುತ್ತದೆ. ಮುಗಿದ ಚಿತ್ರಗಳನ್ನು ತೆಗೆಯಲು ಇದೇ ಸರಿ. ಅದನ್ನು ಮನೆಯಲ್ಲಿ, ಚೌಕಟ್ಟಿನ ಗಾಜು ಬಿಚ್ಚಿ ಮಾಡಿ. ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನ ಇದ್ದರೆ ಅಲ್ಲಿ ಜನರನ್ನು, ಗೋಡೆಯನ್ನು ತೆಗೆಯಿರಿ, ಬಣ್ಣಕ್ಕಾಗಿ ಅದನ್ನು ನಂಬಬೇಡಿ. ಗ್ಯಾಲರಿಯ ಸ್ಪಾಟ್‌ಲೈಟ್ ಚಿತ್ರದ ನಡುವಿಗೆ ಒಂದು ಪ್ರಮಾಣದಲ್ಲಿ, ಅಂಚಿಗೆ ಇನ್ನೊಂದು ಪ್ರಮಾಣದಲ್ಲಿ ಬೀಳುತ್ತದೆ.

ಆದರೆ ಕೆಲಸ ನಡೆಯುವಾಗ ಹೊಳಪನ್ನು ಅಳಿಸಿದರೆ ತಂತ್ರವನ್ನೇ ಅಳಿಸಿದಂತೆ. ಜಲವರ್ಣದವರು ಗಡಿಯಾರ ನೋಡುವುದಿಲ್ಲ, ಹಾಳೆಯ ಹೊಳಪು ನೋಡುತ್ತಾರೆ. ವಾಶ್ ಎಳೆದ ಕೂಡಲೇ ಹಾಳೆ ಕನ್ನಡಿಯಂತೆ ಕಿಟಕಿಯನ್ನು ತೋರಿಸುತ್ತದೆ: ನೀರು ಮೇಲೆ ನಿಂತಿದೆ. ಈಗ ಬಣ್ಣ ಇಟ್ಟರೆ ಅಂಕೆ ಮೀರಿ ಹರಡುತ್ತದೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಬಿಂಬದ ಅಂಚು ಒಡೆದು, ಹಾಳೆಯ ಉಬ್ಬುತಗ್ಗು ಕಾಣತೊಡಗುತ್ತದೆ. ನೀರು ನಾರಿನೊಳಗೆ ಇಳಿಯುತ್ತಿದೆ. ಅಲ್ಟ್ರಾಮರೀನ್‌ನ ಕಣಗಳು ತಗ್ಗುಗಳಲ್ಲಿ ಕೂರುವುದೂ ಆಗಲೇ. ದೂರದ ಮರಗಳ ಮಸುಕು ಅಂಚು ಬೇಕಾದವರು ಗಟ್ಟಿ ಬಣ್ಣದ ಕುಂಚ ಇಡುವುದು ಈ ಹೊತ್ತಿಗೆ. ಇನ್ನೂ ಸ್ವಲ್ಪ ತಡವಾಗಿ, ಹೊಳಪು ಪೂರ್ತಿ ಇಳಿದ ಮೇಲೆ ನೀರು ಹೆಚ್ಚಿದ ಕುಂಚ ತಾಗಿತೋ, ಆ ನೀರು ಅರೆ ಒಣಗಿದ ಬಣ್ಣವನ್ನು ದಬ್ಬಿಕೊಂಡು ಹೋಗಿ ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ.

ಈ ಇಡೀ ನಾಟಕ ಮೇಲಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದನ್ನು ಹಿಡಿಯಬೇಕಾದರೆ ಮೂರನೇ ಕ್ಯಾಮೆರಾವನ್ನು ಕಿಟಕಿಗೆ ಎದುರಾಗಿ, ಹಾಳೆಯ ಮಟ್ಟಕ್ಕೆ ತಗ್ಗಿಸಿ ಇಡಿ. ಹಾಳೆಯ ಆಚೆ ಅಂಚಿನಿಂದ ಕಿಟಕಿಯ ಬೆಳಕು ಜಾರಿ ಲೆನ್ಸಿಗೆ ಬರಬೇಕು. ಪೋಲರೈಸರ್ ತೆಗೆದುಬಿಡಿ. ಫೋಕಸ್ ಹಾಳೆಯ ಮೇಲಿರಲಿ; ಹೊಳಪಿನೊಳಗೆ ಕಾಣುವ ಕಿಟಕಿಗೆ ಫೋಕಸ್ ಆದರೆ ಹಾಳೆ ಮಸುಕಾಗುತ್ತದೆ. ವಾಶ್ ಎಳೆದಲ್ಲಿಂದ ಹೊಳಪು ಇಳಿಯುವವರೆಗೆ ಒಂದೇ ಶಾಟ್ ಓಡಲಿ. ಎಡಿಟ್‌ನಲ್ಲಿ ಒಂದು ಕಡೆಯಾದರೂ ಇದನ್ನು ಕತ್ತರಿಸದೆ ಬಿಡಿ ಎಂದು ಈಗಲೇ ಹೇಳಿಬಿಡುತ್ತೇನೆ.

ಎಣ್ಣೆಬಣ್ಣದಲ್ಲಿ ಹೊಳಪಿಗಿಂತ ನೆರಳು ಮುಖ್ಯ. ನೈಫಿನಿಂದ ಮೆತ್ತಿದ ದಪ್ಪ ಬಣ್ಣ ಕಾಣಲು ಒಂದೇ ಬದಿಯಿಂದ, ಕ್ಯಾನ್ವಾಸಿಗೆ 10-15 ಡಿಗ್ರಿಯಷ್ಟು ತಗ್ಗಿನಲ್ಲಿ ಲೈಟ್ ಹಾಯಿಸಿ. ಮೈಸೂರು ಶೈಲಿಯ ಚಿತ್ರದ ಗೆಸ್ಸೊ (ಉಬ್ಬು ಬರಿಸಲು ಹಚ್ಚುವ ಲೇಪ) ಉಬ್ಬಿಗೂ ಇದೇ ಬೆಳಕು. ಚಿನ್ನದ ರೇಕು ಅಂಟಿಸುವಾಗ ಮಾತ್ರ ಮುಂದೆ ಒಂದು ಬಿಳಿ ಬಟ್ಟೆ ಅಥವಾ ದೊಡ್ಡ ಮೃದು ಬೆಳಕು ಇರಲಿ. ಚಿನ್ನ ತನ್ನ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ, ಕತ್ತಲ ಕೋಣೆ ಇದ್ದರೆ ಚಿನ್ನವೂ ಕಪ್ಪು. ಫ್ಯಾನ್, ಎ.ಸಿ. ಎರಡೂ ಬಂದ್. ರೇಕು ಉಸಿರಿಗೂ ಹಾರುತ್ತದೆ, ಕ್ಯಾಮೆರಾ ಹಿಡಿದವರು ಬಾಯಿ ಮುಚ್ಚಿಕೊಂಡಿರಿ.

ಸೆಟ್ಟಿಂಗ್‌ಗಳು

ಸೆಕೆಂಡಿಗೆ 25 ಫ್ರೇಮು, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್; ಕೋಣೆಯ ಟ್ಯೂಬ್, ಬಲ್ಬ್ ಆರಿಸಲು ಮರೆತರೂ ಈ ಶಟರಿನಲ್ಲಿ ಸಾಮಾನ್ಯವಾಗಿ ಮಿಣುಕುವುದಿಲ್ಲ. 24 ಫ್ರೇಮೇ ಬೇಕೆಂದರೆ ಶಟರ್ ಕೋನ 172.8 ಡಿಗ್ರಿ ಇಡಿ, ಅದೂ 1/50 ಆಗುತ್ತದೆ. ಕುಂಚದ ಕೂದಲು ಬಾಗುವುದನ್ನು 100 ಫ್ರೇಮಿನಲ್ಲಿ ನಿಧಾನಿಸಿ ತೆಗೆಯಬಹುದು, ಆದರೆ ಅಲ್ಲಿ ಅಗ್ಗದ ಲೈಟ್ ಮಿಣುಕಬಹುದು. ಮೊದಲು ಒಂದು ತುಣುಕು ತೆಗೆದು ನೋಡಿ.

ವೈಟ್ ಬ್ಯಾಲೆನ್ಸ್, ಐಎಸ್‌ಒ, ಐರಿಸ್ ಯಾವುದೂ ಆಟೋದಲ್ಲಿರಬಾರದು. ಬಿಳಿ ಹಾಳೆ ಬಣ್ಣದಿಂದ ತುಂಬುತ್ತ ಹೋದಂತೆ ಆಟೋ ಎಕ್ಸ್‌ಪೋಶರ್ ಇಡೀ ಚಿತ್ರವನ್ನು ಬೆಳಗಿಸುತ್ತಲೇ ಹೋಗುತ್ತದೆ, ಮೊದಲ ವಾಶ್‌ನ ನೀಲಿ ಕೊನೆಗೆ ಬೇರೆ ನೀಲಿಯಾಗಿರುತ್ತದೆ. ಎಸ್-ಲಾಗ್3ರಲ್ಲಿ, ಮಾನಿಟರಿನ ವೇವ್‌ಫಾರ್ಮ್ ಎಂಬ ಹೊಳಪಿನ ಅಳತೆಪಟ್ಟಿಯಲ್ಲಿ, 18% ಬೂದು 41ರ ಹತ್ತಿರ, 90% ಬಿಳಿ 61ರ ಹತ್ತಿರ ಕೂರಬೇಕು. ನಾನು ಒಂದು ಸ್ಟಾಪ್ ಹೆಚ್ಚಿಗೆ ಇಟ್ಟು ಬಿಳಿ ಹಾಳೆಯನ್ನು 70ರ ಸುಮಾರಿಗೆ ತರುತ್ತೇನೆ, ನೆರಳಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕಡಿಮೆಯಾಗುತ್ತದೆ. ಮ್ಯಾಕ್ರೋದಲ್ಲಿ ನಿಜಗಾತ್ರದಷ್ಟು ಹತ್ತಿರ ಹೋದರೆ ಸುಮಾರು 2 ಸ್ಟಾಪ್ ಬೆಳಕು ಲೆನ್ಸಿನಲ್ಲೇ ನಷ್ಟ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಟ್ಟ ಎನ್‌ಡಿ ಹಾಕುವುದಾದರೆ ಇನ್ಫ್ರಾರೆಡ್ ತಡೆಯುವಂಥದ್ದೇ ಬೇಕು. ಇಲ್ಲವಾದರೆ ಕಪ್ಪು ಕೆಂಪಗಾಗುತ್ತದೆ.

ದಿನದ ಮೊದಲ ಶಾಟು, ಬೆಳಕು ಬದಲಾದಾಗಲೆಲ್ಲ ಮತ್ತೊಂದು: 24 ಬಣ್ಣದ ಕಲರ್‌ಚೆಕರ್ ಹಲಗೆಯನ್ನು ಹಾಳೆಯ ಮಟ್ಟದಲ್ಲಿಟ್ಟು ಎಲ್ಲ ಕ್ಯಾಮೆರಾಗಳಲ್ಲೂ ತೆಗೆಯಿರಿ. ಜೊತೆಗೆ ಮಾಸ್ಟ್ರು ಆ ದಿನ ಬಳಸುವ ಬಣ್ಣಗಳನ್ನೇ ಒಂದು ಚೀಟಿಯಲ್ಲಿ ಬಳಿಸಿ ಹೆಸರು ಬರೆಸಿಕೊಳ್ಳಿ. ಗ್ರೇಡಿಂಗ್ ಟೇಬಲ್ಲಿನಲ್ಲಿ ಕಲರ್‌ಚೆಕರ್‌ಗಿಂತ ಈ ಚೀಟಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಶೂಟಿಂಗ್ ದಿನ

ಕೋಣೆಯೊಳಗೆ ಮೂವರಿಗಿಂತ ಹೆಚ್ಚು ಬೇಡ. ಕ್ಲ್ಯಾಪ್ ಹೊಡೆದು 'ಆ್ಯಕ್ಷನ್' ಎನ್ನಬೇಡಿ, ಎಲ್ಲ ಕ್ಯಾಮೆರಾ ಓಡಿಸಿ ಪೆನ್ಸಿಲಿನಿಂದ ಡಬ್ಬಕ್ಕೆ ಒಮ್ಮೆ ತಟ್ಟಿ, ಶಬ್ದ ಹೊಂದಿಸಲು ಅಷ್ಟು ಸಾಕು. ಕಾರ್ಡ್ ಬದಲಾಯಿಸುವುದು ಅವರು ನೀರು ಬದಲಾಯಿಸಲು ಎದ್ದಾಗ. ಒದ್ದೆ ಬಣ್ಣ ಗಾಢ, ಒಣಗಿದಾಗ ಜಲವರ್ಣ ತಿಳಿಯಾಗುತ್ತದೆ; ಅಕ್ರಿಲಿಕ್ ಇದಕ್ಕೆ ತದ್ವಿರುದ್ಧ, ಒಣಗಿದಾಗ ಗಾಢ. ಬಿಡಿ ಶಾಟ್‌ಗಳನ್ನು ಆಮೇಲೆ ತೆಗೆದು ನಡುವೆ ಸೇರಿಸುತ್ತೇನೆ ಎಂದುಕೊಂಡರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಟೈಮ್‌ಲ್ಯಾಪ್ಸ್ ಬಗ್ಗೆ ಒಂದು ಮಾತು. ಲೆಕ್ಕ ಸುಲಭ: 6 ಗಂಟೆಯ ಕೆಲಸ 30 ಸೆಕೆಂಡಿಗೆ ಇಳಿಯಬೇಕಾದರೆ 750 ಫ್ರೇಮು, ಅಂದರೆ ಸುಮಾರು 29 ಸೆಕೆಂಡಿಗೆ ಒಂದು. ಆದರೆ ಟೈಮ್‌ಲ್ಯಾಪ್ಸ್ ತಂತ್ರ ತೋರಿಸುವುದಿಲ್ಲ, ಮುಚ್ಚುತ್ತದೆ. ಕಾಯುವಿಕೆ, ತೀರ್ಮಾನ ಎಲ್ಲ ಅಳಿದು ಚಿತ್ರ ತಾನಾಗಿ ಮೂಡಿದಂತೆ ಕಾಣುತ್ತದೆ. ಎಣ್ಣೆಬಣ್ಣದ ವಾರಗಳ ಕೆಲಸಕ್ಕೆ ಒಂದು ಕಡೆ ಬಳಸಿ, ಸಾಕು.

ಶಬ್ದ

ಇದ್ದಿಲು ಒರಟು ಹಾಳೆ ಮೇಲೆ ಉಜ್ಜುವುದು, ನೈಫು ಕ್ಯಾನ್ವಾಸ್ ಕೆರೆಯುವುದು, ಡಬ್ಬಕ್ಕೆ ಕುಂಚ ಬಡಿಯುವುದು: ಇವು ಚಿತ್ರದ ಅರ್ಧ. ಬೋರ್ಡಿನ ಹಿಂಬದಿಗೆ ಒಂದು ಕಾಂಟ್ಯಾಕ್ಟ್ ಮೈಕ್ ಅಂಟಿಸಿದರೆ ಕುಂಚದ ಎಳೆತವೂ ಕೇಳುತ್ತದೆ. ಮಾತಿಗೆ ಚಿಕ್ಕ ಕೋಣೆಯಲ್ಲಿ ಉದ್ದನೆಯ ಶಾಟ್‌ಗನ್ ಮೈಕ್‌ಗಿಂತ ಹೈಪರ್‌ಕಾರ್ಡಿಯಾಯ್ಡ್ ವಾಸಿ, ಗೋಡೆಯ ಪ್ರತಿಧ್ವನಿ ಕಡಿಮೆ ಹಿಡಿಯುತ್ತದೆ. ಲೋಕಲ್ ಟ್ರೇನು, ಕಾಗೆ, ಪಕ್ಕದ ಮನೆಯ ಕುಕ್ಕರ್ ಸೀಟಿ ಹೇಗೂ ಬರುತ್ತವೆ. ಅವನ್ನು ಪೂರ್ತಿ ತೆಗೆಯಲು ಹೆಣಗಬೇಡಿ, ಕೋಣೆಯ ಖಾಲಿ ಶಬ್ದವನ್ನು ಒಂದೆರಡು ನಿಮಿಷ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಫ್ಯಾನ್ ಬಂದ್ ಮಾಡುವ ಮುಂಚೆ ಮಾಸ್ಟ್ರನ್ನು ಕೇಳಿ. ಅವರ ವಾಶ್ ಆರುವ ಲೆಕ್ಕ ಆ ಫ್ಯಾನಿನ ಗಾಳಿ ಸೇರಿಸಿಯೇ ಇರುತ್ತದೆ.

ಮಾತಾಡಿಸುವುದು ಮಾರನೇ ದಿನ

ಕೆಲಸದ ನಡುವೆ ಪ್ರಶ್ನೆ ಕೇಳಬೇಡಿ. ಉತ್ತರವೂ ಹಾಳು, ವಾಶ್ ಕೂಡ ಹಾಳು. ತೆಗೆದ ಶಾಟ್ ಎದುರಿಗಿಲ್ಲದೆ 'ನಿಮ್ಮ ತಂತ್ರದ ಬಗ್ಗೆ ಹೇಳಿ' ಎಂದರೆ ಎಲ್ಲ ಕಡೆ ಹೇಳಿದ ಭಾಷಣವೇ ಬರುತ್ತದೆ. ಇದಕ್ಕೆ ಒಳ್ಳೆಯ ದಾರಿ, ಮಾರನೇ ದಿನ ಲ್ಯಾಪ್‌ಟಾಪಿನಲ್ಲಿ ಹಾಳೆ ಮತ್ತು ಪ್ಯಾಲೆಟ್ ಎರಡೂ ಶಾಟ್‌ಗಳನ್ನು ಅಕ್ಕಪಕ್ಕ ಹಾಕಿ ಅವರಿಗೇ ತೋರಿಸುವುದು. ಅವರ ಕೈ ನಿಂತಲ್ಲಿ ನೀವೂ ನಿಲ್ಲಿಸಿ, ಮೈಕ್ ಓಡುತ್ತಿರಲಿ.

'ಇಲ್ಲಿ ಯಾಕೆ ನಿಲ್ಸಿದ್ರಿ ಮಾಸ್ಟ್ರೇ?'

'ನೀರು ಇನ್ನೂ ಕೂತಿರ್ಲಿಲ್ಲ ಮಾರಾಯ. ಅಲ್ಲಿ ನೋಡು, ಮೂಲೆ ಇನ್ನೂ ಮಿಂಚ್ತಾ ಉಂಟು.'

'ಮತ್ತೆ ಕುಂಚ ಯಾಕೆ ಬಟ್ಟೆಗೆ ಒರೆಸಿದ್ರಿ?'

'ಹಾಳೆಯಲ್ಲೇ ನೀರುಂಟಲ್ಲ. ಕುಂಚದಲ್ಲೂ ಇದ್ರೆ ಮರ ಎಲ್ಲಿ ನಿಲ್ತದೆ, ಓಡಿ ಹೋಗ್ತದೆ.'

ಈ ಧ್ವನಿಯನ್ನು ಅದೇ ಶಾಟ್ ಮೇಲೆ ಹಾಕಿ. ಬೇರೆ ನಿರೂಪಣೆ ಬೇಕಾಗುವುದಿಲ್ಲ. ಅವರು ಕನ್ನಡದಲ್ಲೇ, ತುಳುವಲ್ಲೇ, ನಡುನಡುವೆ ಮರಾಠಿ ಸೇರಿಸಿ ಹೇಗೆ ಮಾತಾಡುತ್ತಾರೋ ಹಾಗೇ ಬಿಡಿ, ಸಬ್‌ಟೈಟಲ್ ಇದೆಯಲ್ಲ.

ಫೈಲುಗಳು

4ಕೆ ಯಲ್ಲಿ 25 ಫ್ರೇಮಿಗೆ ಎಫ್‌ಎಕ್ಸ್3ರ ಒಳ್ಳೆಯ ಕೋಡೆಕ್ ಸೆಕೆಂಡಿಗೆ 250 ಮೆಗಾಬಿಟ್ ನುಂಗುತ್ತದೆ, ಗಂಟೆಗೆ ಸುಮಾರು 112 ಜಿಬಿ. ಎರಡು ಕ್ಯಾಮೆರಾ 5 ಗಂಟೆ ಓಡಿದರೆ 1 ಟಿಬಿ ದಾಟಿತು. ರಾ ಆದರೆ ಇನ್ನೂ ಹೆಚ್ಚು. ಅದೇ ಸಂಜೆ ಎರಡು ಡಿಸ್ಕಿಗೆ, ನಕಲು ಮೂಲದಂತೆಯೇ ಇದೆಯೇ ಎಂದು ಚೆಕ್‌ಸಮ್ ಪರೀಕ್ಷಿಸುವ ತಂತ್ರಾಂಶದಿಂದ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡೂ ಒಂದೇ ಬ್ಯಾಗಿನಲ್ಲಿ ಲೋಕಲ್ ಹತ್ತಬಾರದು.

ಎಡಿಟ್, ಬಣ್ಣ, ಪರದೆ

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಇದರಲ್ಲಿ ಹೆಚ್ಚಿನದು ಆಗುತ್ತದೆ. ಮೊದಲು ಎಲ್ಲ ಕ್ಯಾಮೆರಾಗಳನ್ನು ಹೊಂದಿಸಿ ಮಲ್ಟಿಕ್ಯಾಮ್ ಮಾಡಿ. ಕತ್ತರಿಸುವ ಕ್ರಮ ನನ್ನದು ಹೀಗೆ: ಪ್ಯಾಲೆಟ್, ಆಮೇಲೆ ಕೈ, ಆಮೇಲೆ ಹಾಳೆ, ಆಮೇಲೆ ಕಾಯುವಿಕೆ. ಬಣ್ಣ ಹುಟ್ಟುವುದನ್ನು ನೋಡಿದ ನಂತರವೇ ಅದು ಬೀಳುವುದನ್ನು ತೋರಿಸಿದರೆ ಪ್ರೇಕ್ಷಕ ಮುಂದಿನ ಸಲ ತಾನೇ ಊಹಿಸತೊಡಗುತ್ತಾನೆ. ಮುಖದ ಶಾಟ್ ಕೈ ನಿಂತಾಗ ಮಾತ್ರ ಬರಲಿ.

ಗ್ರೇಡಿಂಗ್‌ನಲ್ಲಿ 'ಸಿನೆಮಾ ಲುಕ್' ಎಂಬ ಕಿತ್ತಳೆ-ಹಸಿರು ಲೇಪಕ್ಕೆ ಇಲ್ಲಿ ಜಾಗವಿಲ್ಲ. ಬಣ್ಣವೇ ವಿಷಯವಾದ ಚಿತ್ರದಲ್ಲಿ ನಿಮ್ಮ ಬಣ್ಣ ಯಾಕೆ? ಮಾನಿಟರ್ ರೆಕ್ 709ಕ್ಕೆ (ಎಚ್‌ಡಿ ಟಿವಿಯ ಬಣ್ಣದ ಮಾನದಂಡ) ಅಳತೆ ಮಾಡಿದ್ದಿರಲಿ. ಮೊದಲು ಕಲರ್‌ಚೆಕರ್‌ನಿಂದ ಬೂದು ಸರಿಪಡಿಸಿ, ಆಮೇಲೆ ಆ ಬಣ್ಣದ ಚೀಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಬಣ್ಣ ನೋಡಿ. ಕ್ಯಾಡ್ಮಿಯಂ ಕಿತ್ತಳೆ, ಥಾಲೋ ಬಣ್ಣಗಳಂಥವು ರೆಕ್ 709ರ ಗಡಿ ಮೀರುತ್ತವೆ. ಎಷ್ಟು ಎಳೆದರೂ ಬರುವುದಿಲ್ಲ, ಎಳೆದರೆ ಅದರೊಳಗಿನ ಏರಿಳಿತ ಸತ್ತು ಚಪ್ಪಟೆಯಾಗುತ್ತದೆ. ಅಕ್ಕಪಕ್ಕದ ಬಣ್ಣಗಳ ಸಂಬಂಧ ಸರಿ ಇದ್ದರೆ ಸಾಕು. ಒಂದು ಸಂಜೆ ಮಾಸ್ಟ್ರನ್ನೇ ಕೂರಿಸಿಕೊಂಡು ನೋಡಿ. 'ಸ್ಯಾಚುರೇಶನ್' ಎಂದು ಅವರು ಹೇಳಲಿಕ್ಕಿಲ್ಲ, ಆದರೆ ಯಾವ ಹಸಿರು ತಮ್ಮದಲ್ಲ ಎಂದು ಒಂದೇ ನೋಟಕ್ಕೆ ಹೇಳುತ್ತಾರೆ.

ಸಾರ್ವಜನಿಕ ಚಿತ್ರಮಂದಿರದ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಸಮಯ ಇಟ್ಟುಕೊಂಡು ಅರ್ಜಿ ಹಾಕಿ. ಸಾಕ್ಷ್ಯಚಿತ್ರಗಳಿಗೆಂದೇ ಮುಂಬಯಿಯಲ್ಲಿ 1990ರಿಂದ ಎರಡು ವರ್ಷಕ್ಕೊಮ್ಮೆ ಅಂತಾರಾಷ್ಟ್ರೀಯ ಉತ್ಸವ ನಡೆಯುತ್ತದೆ, ಅಲ್ಲಿಗೂ ಕಳಿಸಿ. ಆದರೆ ಮೊದಲ ಪ್ರದರ್ಶನ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಂಥ ನಮ್ಮವರ ಸಭಾಂಗಣದಲ್ಲಿ ಆಗುವ ಸಾಧ್ಯತೆಯೇ ಹೆಚ್ಚು. ಎಲ್ಲೇ ಆಗಲಿ, ಜನ ಬರುವ ಮುಂಚೆ ಹೋಗಿ ಪ್ರೊಜೆಕ್ಟರಿಗೆ ಕಲರ್‌ಚೆಕರ್ ಶಾಟ್ ಹಾಕಿ ನೋಡಿ. ಭಾಷಣ, ಸನ್ಮಾನದ ಸ್ಲೈಡ್‌ಗಳಿಗೆಂದು ಅದು 'ವಿವಿಡ್' ಅಥವಾ 'ಡೈನಾಮಿಕ್' ಮೋಡ್‌ನಲ್ಲಿ ಇರುತ್ತದೆ, ಬಿಳಿ ಹಾಳೆ ನೀಲಿಯಾಗಿ ಕಾಣುತ್ತದೆ. 'ಸಿನೆಮಾ' ಮೋಡಿಗೆ ಬದಲಿಸಿ, ವೇದಿಕೆಯ ಹಳದಿ ದೀಪಗಳನ್ನು ಆರಿಸಿ, ಪರದೆಯ ಮೇಲಿನ ಬೂದು ಚೌಕಗಳು ಬೂದಾಗಿಯೇ ಕಂಡ ಮೇಲೆ ಬಾಗಿಲು ತೆಗೆಸಿ.